ವಿಟಮಿನ್ ಡಿ ಕೊಟ್ಟರೂ ಗಟ್ಟಿಯಾಗದ ಮೂಳೆ

ಮೂಳೆ ಮೆತ್ತಗಾಗಿದೆಯಾ, ವಿಟಮಿನ್ ಡಿ ಕೊಡಿ. 1930ರ ದಶಕದ ವೈದ್ಯರಿಗೆ ಈ ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಆದರೆ ಕೆಲವರಿಗೆ ಡೋಸ್ ಎಷ್ಟು ಏರಿಸಿದರೂ ಮೂಳೆ ಗಟ್ಟಿಯಾಗುತ್ತಿರಲಿಲ್ಲ. 1937ರಲ್ಲಿ ಅಮೆರಿಕದ ಫುಲ್ಲರ್ ಆಲ್‌ಬ್ರೈಟ್ ಮತ್ತು ಸಂಗಡಿಗರು ಅಂಥ ಒಬ್ಬ ರೋಗಿಯ ಬಗ್ಗೆ ವಿವರವಾಗಿ ಬರೆದರು. ಮೂಳೆ ಮೆತ್ತಗಾಗುವ ಈ ಕಾಯಿಲೆ ಬೆಳೆಯುವ ಮಕ್ಕಳಲ್ಲಿ ಕಂಡರೆ ರಿಕೆಟ್ಸ್, ಬೆಳವಣಿಗೆ ನಿಂತ ದೊಡ್ಡವರಲ್ಲಿ ಕಂಡರೆ ಆಸ್ಟಿಯೋಮಲೇಷಿಯಾ ಎನ್ನುತ್ತಾರೆ.

ಮೂಳೆ ಸದಾ ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟುತ್ತಿರುತ್ತದೆ. ಮೊದಲು ಕೊಲಾಜನ್ ಎಂಬ ಪ್ರೋಟೀನಿನ ಹಂದರ, ಅಂದರೆ ಆಸ್ಟಿಯಾಯ್ಡ್. ಆಮೇಲೆ ಅದರೊಳಗೆ ಕ್ಯಾಲ್ಸಿಯಂ, ಫಾಸ್ಫೇಟ್ ತುಂಬಬೇಕು. ಈ ಕಾಯಿಲೆಯಲ್ಲಿ ಆಗುವುದು ಕಂಬಿ ಕಟ್ಟಿ ಕಾಂಕ್ರೀಟ್ ಹಾಕದೆ ಬಿಟ್ಟ ಹಾಗೆ. ಇದನ್ನು ಕಣ್ಣಾರೆ ನೋಡುವ ಒಂದು ಸೊಗಸಾದ ದಾರಿ ಇದೆ. ನಡುವೆ ಕೆಲವು ದಿನ ಬಿಟ್ಟು ಎರಡು ಸಲ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಕೊಟ್ಟು, ಆಮೇಲೆ ಮೂಳೆಯ ಚೂರನ್ನು ತೆಗೆದು ನೋಡುತ್ತಾರೆ. ಔಷಧಿ ಹೊಸದಾಗಿ ಖನಿಜ ತುಂಬುವ ಜಾಗದಲ್ಲೇ ಕೂರುತ್ತದೆ, ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತದೆ. ಆರೋಗ್ಯವಂತ ಮೂಳೆಯಲ್ಲಿ ಎರಡು ಗೆರೆ ಬೇರೆ ಬೇರೆಯಾಗಿ ಕಾಣುತ್ತವೆ. ಇಲ್ಲಿ ಗೆರೆಗಳು ಮಸುಕಾಗಿ ಹರಡಿರುತ್ತವೆ, ಇಲ್ಲವೇ ಕಾಣುವುದೇ ಇಲ್ಲ.

ಎಕ್ಸ್‌ರೇಯಲ್ಲಿ ಎದ್ದು ಕಾಣುವುದು ಲೂಸರ್ ಜೋನ್. ಮೂಳೆಯ ಅಂಚಿಗೆ ಅಡ್ಡವಾಗಿ ಒಂದು ತಿಳಿ ಪಟ್ಟಿ. ತೊಡೆಮೂಳೆಯ ಕುತ್ತಿಗೆಯ ಒಳಭಾಗ, ಸೊಂಟದ ಮುಂದಿನ ಮೂಳೆ, ಪಕ್ಕೆಲುಬು, ಹೆಗಲಮೂಳೆಯ ಅಂಚು ಇದರ ಮಾಮೂಲಿ ಜಾಗಗಳು. ಎಷ್ಟೋ ಸಲ ಎರಡೂ ಬದಿಯಲ್ಲಿ ಒಂದೇ ಜಾಗದಲ್ಲಿರುತ್ತದೆ. ಬಿರುಕು ಬಿಟ್ಟಿರುತ್ತದೆ, ಆದರೆ ತುಂಬಿಕೊಂಡಿರುವುದು ಖನಿಜವಿಲ್ಲದ ಆಸ್ಟಿಯಾಯ್ಡ್, ಹಾಗಾಗಿ ಕೂಡಿಕೊಳ್ಳುವುದಿಲ್ಲ. ವಂಶದಲ್ಲಿ ಬರುವ ಬಗೆಯಲ್ಲಿ ಇನ್ನೊಂದು ವಿಚಿತ್ರ: ವಯಸ್ಸಾದಂತೆ ಸ್ನಾಯುರಜ್ಜು ಅಂಟುವ ಕಡೆ ಬೇಡದ ಮೂಳೆ ಬೆಳೆದು ಬೆನ್ನು, ಸೊಂಟ ಬಿಗಿಯಾಗುತ್ತವೆ. ನನ್ನ ಮಟ್ಟಿಗೆ ಈ ಕಾಯಿಲೆಯ ಅತಿ ಕ್ರೂರ ಮುಖ ಇದೇ.

ತಪ್ಪು ಎಲ್ಲಿತ್ತು? 1958ರಲ್ಲಿ ಅಮೆರಿಕದ ವೈದ್ಯ ವಿಂಟರ್ಸ್ ಮತ್ತು ಸಂಗಡಿಗರು ರೋಗಿಗಳ ಕುಟುಂಬಗಳನ್ನು ಪರೀಕ್ಷಿಸಿದರು. ರಕ್ತದಲ್ಲಿ ಫಾಸ್ಫೇಟ್ ಕಡಿಮೆ, ಅದು ಎಕ್ಸ್ ಕ್ರೋಮೋಸೋಮಿನ ಮೂಲಕ ಬರುತ್ತದೆ ಎಂದು ಗೊತ್ತಾಯಿತು. ಮರುವರ್ಷ ಸ್ವಿಟ್ಜರ್‌ಲೆಂಡಿನ ಆಂಡ್ರಿಯಾ ಪ್ರಾಡರ್ ಬೇರೆಯದೇ ಸುಳಿವು ಕೊಟ್ಟರು. ಒಬ್ಬ ಹುಡುಗಿಯ ಪಕ್ಕೆಲುಬಿನ ಗಡ್ಡೆ ತೆಗೆದ ಮೇಲೆ ರಿಕೆಟ್ಸ್ ವಾಸಿಯಾಗಿತ್ತು! ಗಡ್ಡೆಯಿಂದ ಏನೋ ರಕ್ತಕ್ಕೆ ಸೇರುತ್ತಿರಬೇಕು ಅಲ್ವಾ? ಅದು ಏನೆಂದು ತಿಳಿಯಲು ನಾಲ್ಕು ದಶಕ ಹಿಡಿಯಿತು. 1995ರಲ್ಲಿ ವಂಶದ ಬಗೆಗೆ ಕಾರಣವಾದ ಫೆಕ್ಸ್ ಜೀನ್ ಸಿಕ್ಕಿತು, 2000-2001ರಲ್ಲಿ ಎಫ್‌ಜಿಎಫ್23 ಹಾರ್ಮೋನ್. ಸಾಮಾನ್ಯವಾಗಿ ಇದನ್ನು ತಯಾರಿಸುವುದು ಮೂಳೆಯ ಜೀವಕೋಶಗಳೇ. ಫೆಕ್ಸ್ ಜೀನ್ ಕೆಟ್ಟರೆ, ಇಲ್ಲವೇ ಅಂಥ ಗಡ್ಡೆ ಇದ್ದರೆ, ಇದು ಜಾಸ್ತಿಯಾಗುತ್ತದೆ. ಜಾಸ್ತಿಯಾದರೆ ಕಿಡ್ನಿ ಫಾಸ್ಫೇಟನ್ನು ಮೂತ್ರಕ್ಕೆ ಬಿಟ್ಟುಬಿಡುತ್ತದೆ. ವಿಟಮಿನ್ ಡಿ ಕೆಲಸಕ್ಕೆ ಬರುವ ರೂಪಕ್ಕೆ ತಿರುಗುವುದನ್ನೂ ಈ ಹಾರ್ಮೋನ್ ತಡೆಯುತ್ತದೆ. ಬರೀ ಮಾತ್ರೆ ಸೋತದ್ದು ಇದಕ್ಕೇ.

ಬಹುಕಾಲ ಇದ್ದ ಚಿಕಿತ್ಸೆ ದಿನಕ್ಕೆ ಹಲವು ಸಲ ಫಾಸ್ಫೇಟ್, ಜೊತೆಗೆ ಕ್ಯಾಲ್ಸಿಟ್ರಿಯಾಲ್, ಅಂದರೆ ಕೆಲಸಕ್ಕೆ ಬರುವ ರೂಪದ ವಿಟಮಿನ್ ಡಿ. ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕೂರುವ ಭಯ ಅದರ ಬೆನ್ನಿಗೇ ಇತ್ತು. 2018ರಲ್ಲಿ ಎಫ್‌ಜಿಎಫ್23 ಅನ್ನೇ ತಡೆಯುವ ಬುರೊಸುಮ್ಯಾಬ್ ಎಂಬ ಔಷಧಿಗೆ ಅಮೆರಿಕ, ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು.

ಹೊಟ್ಟೆ ಉರಿಯುವ ವಿಷಯ ಒಂದಿದೆ. ಈ ರೋಗಿಗಳ ಕ್ಯಾಲ್ಸಿಯಂ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಫಾಸ್ಫೇಟ್ ನೋಡದಿದ್ದರೆ ಸುಮ್ನೆ ಮೈಕೈ ನೋವು ಎಂದು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ದೊಡ್ಡವರಾದ ಮೇಲೆ ಹೊಸದಾಗಿ ಶುರುವಾದರೆ ಗಡ್ಡೆಯನ್ನು ಹುಡುಕಲೇಬೇಕು. ಅದು ಪಾದದಲ್ಲೋ ದವಡೆಯಲ್ಲೋ ತೀರಾ ಚಿಕ್ಕದಾಗಿ ಅಡಗಿರಬಹುದು. ಪೂರ್ತಿ ತೆಗೆದರೆ ಕೆಲವೇ ದಿನಗಳಲ್ಲಿ ಫಾಸ್ಫೇಟ್ ಮೇಲೇರುತ್ತದೆ, ಮೂಳೆ ಮತ್ತೆ ಖನಿಜ ತುಂಬಿಕೊಳ್ಳಲು ಶುರುಮಾಡುತ್ತದೆ.