ಶುಗರ್ ಕಾಲಿನ ಗಾಯ ಮತ್ತು ಪಟ್ಟಿಯಲ್ಲಿಲ್ಲದ ಬ್ಯಾಕ್ಟೀರಿಯಾ

ಶ್ರೀನಿವಾಸಪುರದ ಮಾವಿನ ತೋಪಿರಲಿ, ಕೋಲಾರದ ಟೊಮೆಟೊ ತೋಟವಿರಲಿ, ಎಷ್ಟೋ ಜನ ಬರಿಗಾಲಲ್ಲೇ ಕೆಸರಿಗಿಳಿಯುತ್ತಾರೆ. ಶುಗರ್ ಬಹಳ ಕಾಲದಿಂದ ಇದ್ದರೆ ಪಾದದ ನರಗಳು ಮಂದವಾಗುತ್ತವೆ. ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ರಕ್ತದ ಓಟವೂ ಕಮ್ಮಿ. ಕಾಲು ಊದಿ, ಕೀವು ವಾಸನೆ ಬಂದ ಮೇಲೆ ಆಸ್ಪತ್ರೆ ನೆನಪಾಗುತ್ತದೆ.

ಅಲ್ಲಿ ಹತ್ತಿಕಡ್ಡಿಯನ್ನು ಗಾಯದ ಮೇಲೆ ಸುಮ್ನೆ ಆಡಿಸಿ ಲ್ಯಾಬಿಗೆ ಕಳಿಸುವ ರೂಢಿ ಇನ್ನೂ ಇದೆ. ನನ್ನ ಪ್ರಕಾರ ಅರ್ಧ ಕೆಲಸ ಕೆಡುವುದು ಇಲ್ಲೇ. ಹಾಗೆ ಸಿಗುವುದು ಹೆಚ್ಚಾಗಿ ಮೇಲ್ಮೈಯಲ್ಲಿ ಹೇಗೂ ಇರುವ ಬ್ಯಾಕ್ಟೀರಿಯಾ. ಗಾಯ ತೊಳೆದು, ಸತ್ತ ಭಾಗ ತೆಗೆದು, ತಳದಿಂದ ಚೂರು ಮಾಂಸ ಕಳಿಸಬೇಕು.

ಲ್ಯಾಬಿನಲ್ಲಿ ಮೊದಲು ಬ್ಯಾಕ್ಟೀರಿಯಾದ ಗುಂಪು ಬೇರ್ಪಡಿಸಿ ತೋರಿಸುವ ಗ್ರಾಂ ಬಣ್ಣ ಹಾಕುತ್ತಾರೆ. 1884ರ ವಿಧಾನ, ಇಂದಿಗೂ ಅದೇ. ಆಮೇಲೆ ರಕ್ತ ಬೆರೆಸಿದ ಅಗರ್ (ಬ್ಯಾಕ್ಟೀರಿಯಾ ಬೆಳೆಯುವ ಜೆಲ್ಲಿ) ತಟ್ಟೆಯಲ್ಲಿ ಬೆಳೆಸುತ್ತಾರೆ. ಸ್ಟಾಫಿಲೊಕಾಕಸ್, ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲಾ ಇವೆಲ್ಲ ದಿನವೂ ಕಾಣುವ ಮುಖಗಳು. ದೊಡ್ಡ ಲ್ಯಾಬುಗಳಲ್ಲಿ ಮಾಲ್ಡಿ-ಟಾಫ್ ಯಂತ್ರವಿದೆ. ಅದು ಲೇಸರ್ ಹೊಡೆದು ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನು ಹಾರಿಸುತ್ತದೆ. ಹಗುರವಾದವು ಬೇಗ ಗುರಿ ಮುಟ್ಟುತ್ತವೆ, ಭಾರದವು ತಡವಾಗಿ. ಆ ಸಮಯಗಳನ್ನು ತನ್ನಲ್ಲಿರುವ ಬ್ಯಾಕ್ಟೀರಿಯಾಗಳ ಪಟ್ಟಿಗೆ ಹೋಲಿಸಿ ನಿಮಿಷಗಳಲ್ಲಿ ಹೆಸರು ಹೇಳುತ್ತದೆ. ಪಟ್ಟಿಯಲ್ಲೇ ಇಲ್ಲದಿದ್ದರೆ? ಗೊತ್ತಿಲ್ಲ ಅಂದರೆ ಪುಣ್ಯ. ಕೆಲವೊಮ್ಮೆ ಹತ್ತಿರದ ನೆಂಟನ ಹೆಸರು ಹೇಳಿಬಿಡುತ್ತದೆ.

ಬರ್ಖೋಲ್ಡೇರಿಯಾ ಸ್ಯೂಡೊಮ್ಯಾಲಿಯೈ ಇಂಥದ್ದೇ. ಮಣ್ಣು, ನೀರಿನಲ್ಲಿರುವ ಇದು ಮೆಲಿಯಾಯ್ಡೋಸಿಸ್ ಎಂಬ ಗಂಭೀರ ಸೋಂಕು ತರುತ್ತದೆ. ನಮ್ಮ ಕರಾವಳಿಯ ವೈದ್ಯರಿಗೆ ಪರಿಚಿತ, ಒಳನಾಡಿನಲ್ಲಿ ಯಾರೂ ಅಷ್ಟಾಗಿ ಅನುಮಾನಿಸುವುದಿಲ್ಲ. ಶುಗರ್ ಇದ್ದವರಿಗೇ ಇದರ ಅಪಾಯ ಜಾಸ್ತಿ. ರಿಪೋರ್ಟಿನಲ್ಲಿ ಇದು ಸ್ಯೂಡೊಮೊನಾಸ್ ಎಂದು ಬರುವುದುಂಟು.

ಇಲ್ಲಿ ಯಂತ್ರಕ್ಕಿಂತ ಅನುಭವಿ ಕಣ್ಣು ಮುಖ್ಯ. ಸಾಮಾನ್ಯ ಸ್ಯೂಡೊಮೊನಾಸ್ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತದೆ, ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬುದಕ್ಕೆ ಬಗ್ಗುವುದಿಲ್ಲ. ಬರ್ಖೋಲ್ಡೇರಿಯಾದಲ್ಲಿ ಸಾಮಾನ್ಯವಾಗಿ ಇದು ಉಲ್ಟಾ. ತಟ್ಟೆಯಲ್ಲಿ ಈ ಉಲ್ಟಾ ಚಿತ್ರ ಕಂಡರೆ ಅನುಮಾನ ಬರಬೇಕು, ಅಲ್ವಾ? ಆಗ ಜೀನ್ ಪರೀಕ್ಷೆ. ಅಪರೂಪದ ಬ್ಯಾಕ್ಟೀರಿಯಾ ಗುರುತಿಸಲು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ಸುಮಾರು 1,500 ಡಿಎನ್‌ಎ ಅಕ್ಷರಗಳ 16ಎಸ್ ಜೀನನ್ನು ಓದುವುದು ವಾಡಿಕೆ. ಆದರೆ ಇದರ ಹತ್ತಿರದ ನೆಂಟ ಥೈಲ್ಯಾಂಡೆನ್ಸಿಸ್‌ನ 16ಎಸ್ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಸ್ಯೂಡೊಮ್ಯಾಲಿಯೈಗೆಂದೇ ಇರುವ ಪಿಸಿಆರ್ (ಡಿಎನ್‌ಎ ತುಣುಕನ್ನು ಹೆಚ್ಚಿಸಿ ಪತ್ತೆ ಮಾಡುವ ಪರೀಕ್ಷೆ) ಮಾಡುತ್ತಾರೆ.

ಹೆಸರು ಸಿಕ್ಕರೆ ಚಿಕಿತ್ಸೆಯೇ ಬದಲಾಗುತ್ತದೆ. ಕನಿಷ್ಠ ಎರಡು ವಾರ ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಅನ್ನು ರಕ್ತನಾಳದ ಮೂಲಕ ಕೊಡಬೇಕು. ನಂತರ ಸುಮಾರು 3 ತಿಂಗಳು ಕೋಟ್ರೈಮೋಕ್ಸಜೋಲ್ ಮಾತ್ರೆ. ಗಾಯ ಮುಚ್ಚಿತೆಂದು ನಡುವೆ ನಿಲ್ಲಿಸಿದವರಲ್ಲಿ ರೋಗ ಮರುಕಳಿಸುವುದುಂಟು.