ಹುಸಿ ಆಂಟಿವೈರಸ್: ಹೆದರಿಸಿ ಹಣ ಕೀಳುವ ಕಸುಬಿಗೆ ಇಪ್ಪತ್ತು ವರ್ಷ

ಮೈಕ್ರೋಸಾಫ್ಟ್ 2004ರ ಆಗಸ್ಟ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 2 ಎಂಬ ದೊಡ್ಡ ಅಪ್‌ಡೇಟ್ ಬಿಡುಗಡೆ ಮಾಡಿತು. ಅಲ್ಲಿಂದ ಪರದೆಯ ಕೆಳಗಿನ ಬಲ ಮೂಲೆಯಲ್ಲಿ, ಗಡಿಯಾರದ ಪಕ್ಕ, ಕೆಂಪು ಗುರಾಣಿಯೊಂದು ಕಾಣಿಸತೊಡಗಿತು. ಆಂಟಿವೈರಸ್ ಇಲ್ಲದಿದ್ದರೆ ಅದರ ಮೇಲೆ ಗುಳ್ಳೆಯಂಥ ಸಂದೇಶ ಎದ್ದು, ಕಂಪ್ಯೂಟರ್ ಅಪಾಯದಲ್ಲಿರಬಹುದು ಎಂದು ಎಚ್ಚರಿಸುತ್ತಿತ್ತು. ಜನರ ಒಳಿತಿಗೆ ಮಾಡಿದ ಈ ಏರ್ಪಾಟೇ ವಂಚಕರಿಗೆ ಸಿದ್ಧ ಅಚ್ಚಾಯಿತು. ಸ್ವಲ್ಪ ಕಾಲದಲ್ಲೇ ಸ್ಪೈಶೆರಿಫ್, ವಿನ್‌ಫಿಕ್ಸರ್‌ನಂಥ ತಂತ್ರಾಂಶಗಳು ಅಂಥದೇ ಎಚ್ಚರಿಕೆಗಳನ್ನು ತೋರಿಸಿ, ಇಲ್ಲದ ರೋಗಕ್ಕೆ ಮದ್ದು ಮಾರಲು ನಿಂತವು.

ಆಗಿನ ಹುಸಿ ಸ್ಕ್ಯಾನ್ ಹೇಗಿತ್ತು ಎಂಬುದನ್ನು ತಿಳಿದರೆ ಇವತ್ತಿನದೂ ಅರ್ಥವಾಗುತ್ತದೆ. ಬ್ರೌಸರ್‌ನಲ್ಲಿ ಯಾವುದೋ ಪುಟ ತೆರೆದಾಗ 'ಮೈ ಕಂಪ್ಯೂಟರ್' ಕಿಟಕಿಯಂಥದೇ ಒಂದು ಕಿಟಕಿ ಮೂಡುತ್ತಿತ್ತು. ಅದರಲ್ಲಿ ಸಿ ಡ್ರೈವ್, ಡಿ ಡ್ರೈವ್, ಓಡುವ ಹಸಿರು ಪಟ್ಟಿ, ಕ್ಷಣಕ್ಷಣಕ್ಕೂ ಏರುವ ಕೆಂಪು ಅಂಕಿ ಎಲ್ಲವೂ ಇರುತ್ತಿದ್ದವು. ವಿಂಡೋಸ್ ಬದಲು ಲಿನಕ್ಸ್ ಓಡುವ ಯಂತ್ರದಲ್ಲಿ ತೆರೆದರೂ ಅದೇ ಪುಟ ಅದೇ ಸಿ ಡ್ರೈವ್ ತೋರಿಸುತ್ತಿತ್ತು! ಲಿನಕ್ಸ್‌ನಲ್ಲಿ ಸಿ ಡ್ರೈವ್ ಎಂಬುದೇ ಇಲ್ಲ. ಪುಟದಲ್ಲಿ ಇದ್ದದ್ದು ಬರೀ ಚಿತ್ರ ಮತ್ತು ಸ್ಕ್ರಿಪ್ಟ್. ನೀವಾಗಿ ಕಡತ ಆರಿಸಿ ಕೊಡದೆ ಯಾವ ಜಾಲಪುಟವೂ ನಿಮ್ಮ ಡಿಸ್ಕನ್ನು ಓದಲಾರದು. ಹಾಗಾಗಿ ಬ್ರೌಸರ್ ಪುಟವೊಂದು "ವೈರಸ್ ಸಿಕ್ಕಿದೆ" ಎಂದರೆ ಅದು ಸುಳ್ಳು. ಇದರಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ.

ವಿನ್‌ಫಿಕ್ಸರ್ ಹಿಂದಿದ್ದ ಇನ್ನೋವೇಟಿವ್ ಮಾರ್ಕೆಟಿಂಗ್ ನೋಂದಣಿಯಾದದ್ದು ಬೆಲೀಜ್‌ನಲ್ಲಿ, ಅದರ ಕಚೇರಿ ಇದ್ದದ್ದು ಉಕ್ರೇನಿನ ಕೀವ್‌ನಲ್ಲಿ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರ್‌ನಲ್ಲಿ ಅದರ ಮೇಲೆ ಮೊಕದ್ದಮೆ ಹೂಡಿದಾಗ, ಮೋಸಹೋದವರು 10 ಲಕ್ಷಕ್ಕೂ ಹೆಚ್ಚು ಎಂದು ಹೇಳಿತ್ತು. ಈ ಜಾಲದವರು ಹೆಸರಾಂತ ಸಂಸ್ಥೆಗಳ ಪರವಾಗಿ ಬಂದವರಂತೆ ನಟಿಸಿ, ಒಳ್ಳೆಯ ಜಾಲತಾಣಗಳಲ್ಲೇ ಜಾಹೀರಾತಿನ ಜಾಗ ಕೊಳ್ಳುತ್ತಿದ್ದರು. 2009ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ತಾಣದ ಓದುಗರಿಗೂ ಇಂಥದೇ ಜಾಹೀರಾತಿನಿಂದ ಹುಸಿ ಸ್ಕ್ಯಾನ್ ಕಾಣಿಸಿತು. "ಕೆಟ್ಟ ತಾಣಕ್ಕೆ ಹೋಗಿದ್ದಕ್ಕೇ ಹೀಗಾಯಿತು" ಎಂದು ಮನೆಯ ಹಿರಿಯರನ್ನೋ ಮಕ್ಕಳನ್ನೋ ಬೈಯುವ ಮುನ್ನ ಇದನ್ನು ನೆನೆಯಬೇಕು.

ಈ ವ್ಯವಹಾರದ ಜೀವಾಳ ಇದ್ದದ್ದು ಕೋಡ್‌ನಲ್ಲಲ್ಲ, ಕಾರ್ಡ್‌ನಿಂದ ಹಣ ಪಡೆಯುವ ಸೌಲಭ್ಯದಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಸಂಶೋಧಕರು 2011ರಲ್ಲಿ ಇಂಥ ಮೂರು ದಂಧೆಗಳ ಲೆಕ್ಕಪತ್ರ ಪರಿಶೀಲಿಸಿದರು. ಮೂರೂ ಸೇರಿ 13 ಕೋಟಿ ಡಾಲರಿಗೂ ಹೆಚ್ಚು ಗಳಿಸಿದ್ದವು. ಗಟ್ಟಿಯಾಗಿ ಜಗಳವಾಡಿದ ಗ್ರಾಹಕರಿಗೆ ವಂಚಕರೇ ಹಣ ವಾಪಸ್ ಕೊಡುತ್ತಿದ್ದರು. ಕಾರಣ ಸರಳ: ಬ್ಯಾಂಕಿಗೆ ಹೋಗುವ ದೂರುಗಳು ಮಿತಿ ಮೀರಿದರೆ ಅವರ ಕಾರ್ಡ್ ಸೌಲಭ್ಯವೇ ರದ್ದಾಗುತ್ತಿತ್ತು. ನಾಚಿಕೆಯಿಂದ ಸುಮ್ಮನಾದವರ ಹಣವೇ ಅವರ ಲಾಭ. ಬ್ಯಾಂಕಿಗೆ ದೂರು ಕೊಡಿ ಎಂದು ಒತ್ತಿ ಹೇಳುವುದು ಇದಕ್ಕೇ.

ಅದೇ 2011ರ ಮೇ ತಿಂಗಳಲ್ಲಿ 'ಮ್ಯಾಕ್ ಡಿಫೆಂಡರ್' ಬಂತು. ಮ್ಯಾಕ್‌ಗೆ ವೈರಸ್ ಬರುವುದಿಲ್ಲ ಎಂದು ನಂಬಿದ್ದವರ ಪರದೆಯಲ್ಲಿ ಅಶ್ಲೀಲ ತಾಣಗಳನ್ನು ತಾನಾಗಿ ತೆರೆದು, ಸೋಂಕು ನಿಜವೆಂದು ನಂಬಿಸುತ್ತಿತ್ತು. ಆಪಲ್ ಮೇ 31ಕ್ಕೆ ತಡೆ ಒದಗಿಸಿದರೆ, ಕೆಲವೇ ಗಂಟೆಗಳಲ್ಲಿ ಅದನ್ನು ತಪ್ಪಿಸುವ ಹೊಸ ರೂಪ ಬಂತು. ಜೂನ್‌ನಲ್ಲಿ ಎಫ್‌ಬಿಐ ಮತ್ತು ಹಲವು ದೇಶಗಳ ಪೊಲೀಸರು 9.6 ಲಕ್ಷ ಜನರಿಂದ 7.2 ಕೋಟಿ ಡಾಲರ್ ಕಿತ್ತ ಜಾಲದ ಮೇಲೆ ದಾಳಿ ಮಾಡಿದರು.

ಆಮೇಲೆ ದಂಧೆ ಫೋನಿಗೆ ವಾಲಿತು. ಪರದೆ ತುಂಬ ನೀಲಿ ಪುಟ, ಚೀರುವ ಧ್ವನಿ, ಕೆಳಗೊಂದು "ಸಹಾಯವಾಣಿ". ಇಂಥ ಕಾಲ್ ಸೆಂಟರ್‌ಗಳು ಹಲವು ಇದ್ದದ್ದು ನಮ್ಮ ದೇಶದಲ್ಲೇ. 2023ರ ಅಕ್ಟೋಬರ್‌ನಲ್ಲಿ ಸಿಬಿಐ 76 ಕಡೆ ನಡೆಸಿದ ಶೋಧದ ಹಿಂದೆ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರುಗಳೂ ಇದ್ದವು, ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. ವಿಂಡೋಸ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ.

ಈಗ ಹೆಚ್ಚಾಗಿ ಕಾಡುವುದು ಬ್ರೌಸರ್ ನೋಟಿಫಿಕೇಶನ್. ಯಾವುದೋ ತಾಣ "ರೋಬೋ ಅಲ್ಲ ಎಂದು ತೋರಿಸಲು ಅಲೋ ಒತ್ತಿ" ಎಂದಾಗ ಒತ್ತಿಬಿಟ್ಟರೆ, ಮರುದಿನದಿಂದ "ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ" ಎಂಬ ಚೌಕಗಳು ಮೂಲೆಯಲ್ಲಿ ಏಳುತ್ತವೆ. ಆ ಚೌಕವನ್ನು ಗಮನಿಸಿ ನೋಡಿ: ಸಣ್ಣ ಅಕ್ಷರದಲ್ಲಿ ಬ್ರೌಸರ್ ಹೆಸರು, ಜೊತೆಗೆ ಅಪರಿಚಿತ ತಾಣದ ವಿಳಾಸ ಇರುತ್ತದೆ. ಯಂತ್ರದಲ್ಲಿ ಬಹುಶಃ ಯಾವ ವೈರಸ್ಸೂ ಇಲ್ಲ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ, ಅನುಮತಿ ಪಡೆದ ಪಟ್ಟಿಯಿಂದ ಆ ತಾಣವನ್ನು ತೆಗೆದರೆ ಕಾಟ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಹೊಸ ಆಂಟಿವೈರಸ್ ಕೊಳ್ಳುವವರೂ ಇದ್ದಾರೆ.

ಪರದೆ ತುಂಬಿದ ಪುಟ ಮುಚ್ಚದಿದ್ದರೆ ಎಸ್ಕೇಪ್ ಕೀಲಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರನ್ನು ಕೊನೆಗೊಳಿಸಿ. ಮತ್ತೆ ತೆರೆದಾಗ "ಹಳೆಯ ಟ್ಯಾಬ್‌ಗಳನ್ನು ಮರಳಿ ತರಲೇ" ಎಂದು ಕೇಳಿದರೆ ಬೇಡ ಎನ್ನಿ. ಇಲ್ಲದಿದ್ದರೆ ಅದೇ ಪುಟ ಮತ್ತೆ ಬಂದು ಕೂರುತ್ತದೆ.

ಹುಸಿ ತಂತ್ರಾಂಶ ನಿಜವಾಗಿಯೂ ಇನ್‌ಸ್ಟಾಲ್ ಆಗಿದ್ದರೆ ಮೊದಲು ವೈಫೈ ಆಫ್ ಮಾಡಿ. ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ, ತೊಂದರೆ ಶುರುವಾದ ದಿನ ಬಂದವನ್ನೆಲ್ಲ ಪರಿಶೀಲಿಸಿ, ಬೇಡವಾದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ. ಅದು ಬಿಡದಿದ್ದರೆ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಅತ್ಯಗತ್ಯ ಭಾಗಗಳಷ್ಟೇ ಓಡುವ ಸೇಫ್ ಮೋಡ್‌ಗೆ ಹೋಗಿ: ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಮತ್ತೆ ರೀಸ್ಟಾರ್ಟ್, ನಂತರ 4. ಡಿಸ್ಕಿಗೆ ವಿಂಡೋಸ್‌ನದೇ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ ಇಲ್ಲಿ 48 ಅಂಕಿಯ ರಿಕವರಿ ಕೀ ಕೇಳಬಹುದು, ಅದನ್ನು ಮೊದಲೇ ಹುಡುಕಿ ಬರೆದಿಟ್ಟುಕೊಳ್ಳಿ. ತೆಗೆದ ಮೇಲೆ ಸಾಮಾನ್ಯ ರೀತಿಯಲ್ಲಿ ಆನ್ ಮಾಡಿ, ವಿಂಡೋಸ್ ಸೆಕ್ಯೂರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ, ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಯಂತ್ರ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ತೆರೆಯುವ ಮೊದಲೇ ಸುಮಾರು 15 ನಿಮಿಷ ಪರೀಕ್ಷೆ ನಡೆಯುತ್ತದೆ. ಹಾಗಾಗಿ ಹುಸಿ ತಂತ್ರಾಂಶಕ್ಕೆ ಅಡ್ಡಿಪಡಿಸುವ ಅವಕಾಶ ಸಿಗದು.

ಇಷ್ಟಾದರೂ ಕೆಲವೊಮ್ಮೆ ಇಂಟರ್ನೆಟ್ ಬರುವುದಿಲ್ಲ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಪ್ರಾಕ್ಸಿಯಲ್ಲಿ (ಇಂಟರ್ನೆಟ್‌ಗೆ ಹೋಗುವ ನಡುದಾರಿ) 127.0.0.1, ಅಂದರೆ ನಿಮ್ಮ ಯಂತ್ರದ್ದೇ ವಿಳಾಸ, ಎಂದು ಬರೆದಿರುವುದೇ ಅಲ್ಲಿ ಕಾರಣವಿರಬಹುದು. ಆ ಸ್ವಿಚ್ ಆಫ್ ಮಾಡಿ. ಡಿಫೆಂಡರ್‌ ಪರೀಕ್ಷಿಸದೆ ಬಿಡುವ ಫೋಲ್ಡರ್‌ಗಳ ಎಕ್ಸ್‌ಕ್ಲೂಷನ್ಸ್ ಪಟ್ಟಿಯನ್ನೂ ನೋಡಿ. ನೀವು ಸೇರಿಸದ ಫೋಲ್ಡರ್ ಅಲ್ಲಿದ್ದರೆ ಅದನ್ನು ತೆಗೆದು ಸ್ಕ್ಯಾನ್ ಮತ್ತೊಮ್ಮೆ ಮಾಡಬೇಕು, ಏಕೆಂದರೆ ಆ ಫೋಲ್ಡರನ್ನು ಡಿಫೆಂಡರ್ ಮುಟ್ಟಿರುವುದೇ ಇಲ್ಲ.

ಫೋನಿನಲ್ಲಿ ಮಾತಾಡಿದವರಿಗೆ ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್‌ನಂಥ ತಂತ್ರಾಂಶದಿಂದ ಪರದೆ ಬಿಟ್ಟುಕೊಟ್ಟಿದ್ದರೆ ಸ್ಕ್ಯಾನ್ ಸಾಲದು. ಅವರು ಏನು ಇಟ್ಟುಹೋದರು ಎಂದು ಹೇಳಲಾಗದು. ಫೋಟೊ, ದಾಖಲೆ ಮಾತ್ರ ನಕಲು ಮಾಡಿಕೊಂಡು ವಿಂಡೋಸ್ ಹೊಸದಾಗಿ ಹಾಕಿ. ಅದಕ್ಕೂ ಮೊದಲು ಬೇರೊಂದು ಸಾಧನದಿಂದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಕಾರ್ಡ್ ಬ್ಲಾಕ್ ಮಾಡಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಲಿಖಿತ ದೂರು ಕೊಡಿ. ಪರದೆಯ ಫೋಟೊ, ಅವರು ಕೊಟ್ಟ ಫೋನ್ ನಂಬರ್, ವಹಿವಾಟಿನ ಸಂಖ್ಯೆ ಮೂರನ್ನೂ ಅಳಿಸದೆ ಇಟ್ಟುಕೊಳ್ಳಿ. ಹಣ ವಾಪಸ್ ಕೇಳುವಾಗ ಬ್ಯಾಂಕಿನವರು ಕೇಳುವುದು ಇವನ್ನೇ.