ಕಂದಾಯ ಕಟ್ಟಿದ್ದೇವೆ, ಲೆಕ್ಕ ಕೇಳೋದು ಯಾರನ್ನ?

ಬೆಂಗಳೂರಿನ ನಿಮ್ಮ ಮನೆ ಕಂದಾಯದ ರಸೀದಿ ಹತ್ತಿರದಲ್ಲಿದ್ದರೆ ಒಮ್ಮೆ ತೆಗೆದು ನೋಡಿ. ತೆರಿಗೆ ಮೊತ್ತದ ಕೆಳಗೆ ಸೆಸ್ ಅಂತ ಒಂದು ಸಾಲು ಇದೆ, ಅಲ್ವಾ? ಅದು ತೆರಿಗೆಯ ಶೇ. 24. ಅದರೊಳಗೆ ಮೂರು ಪಾಲು ಸೇರಿಕೊಂಡಿವೆ: ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪುನರ್ವಸತಿಗೆ ಶೇ. 3. ತೆರಿಗೆ 3,200 ರೂಪಾಯಿ ಆಗಿದ್ದರೆ ಅದರ ಮೇಲೆ ಆರೋಗ್ಯದ ಹೆಸರಲ್ಲಿ 480, ಲೈಬ್ರರಿ ಹೆಸರಲ್ಲಿ 192, ಭಿಕ್ಷುಕರ ಹೆಸರಲ್ಲಿ 96 ರೂಪಾಯಿ ಕಟ್ಟಿರುತ್ತೀರಿ.

ಲೈಬ್ರರಿ ಸೆಸ್ಸಿಗೆ 1965ರ ಕಾನೂನು ಆಧಾರ, ಭಿಕ್ಷುಕರ ಸೆಸ್ಸಿಗೆ 1975ರ ಕಾನೂನು. ಈ ಎರಡರಲ್ಲೂ ಪಾಲಿಕೆಯದು ವಸೂಲಿ ಮಾಡಿಕೊಡುವ ಕೆಲಸ ಮಾತ್ರ. ದುಡ್ಡು ಹೋಗಬೇಕಾದದ್ದು ಗ್ರಂಥಾಲಯ ಇಲಾಖೆಗೆ, ಮತ್ತು ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಂಥ ಕಡೆಗಳನ್ನು ನಡೆಸುವ ಸಮಿತಿಗೆ. ಆದರೆ ಲೈಬ್ರರಿ ಸೆಸ್ಸಿನಲ್ಲಿ ನೂರಾರು ಕೋಟಿ ವರ್ಷಗಟ್ಟಲೆ ಪಾಲಿಕೆಯಲ್ಲೇ ಬಾಕಿ ಉಳಿಯಿತು. ನಾವು ಕಟ್ಟಿದ್ದಂತೂ ನಿಜ, ರಸೀದಿ ಇದೆ. ಓದೋ ಹುಡುಗರ ಪುಸ್ತಕಕ್ಕೆ ಅಂತ ಕೊಟ್ಟ 192 ರೂಪಾಯಿ ದಾರಿಯಲ್ಲಿ ಎಲ್ಲಿ ನಿಂತಿತು ಅಂತ ನಾನು ಯಾರನ್ನು ಕೇಳಬೇಕು?

ಬೆಂಗಳೂರಿನ ಆಸ್ತಿ ತೆರಿಗೆಯ ಕಥೆಯನ್ನು ಹಿಂದಿನಿಂದ ನೋಡುತ್ತಾ ಬಂದರೆ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಎಷ್ಟು ಕಟ್ಟಬೇಕು ಅನ್ನುವ ಲೆಕ್ಕ ವರ್ಷ ಕಳೆದಂತೆ ಸಲೀಸಾಯಿತು. ಎಲ್ಲಿಗೆ ಹೋಯಿತು ಅನ್ನುವ ಲೆಕ್ಕ ಮಾತ್ರ ಆಗಲಿಲ್ಲ.

1862ರಲ್ಲಿ ಪೇಟೆಗೆ ಒಂದು, ದಂಡಿಗೆ (ಕಂಟೋನ್ಮೆಂಟಿಗೆ) ಇನ್ನೊಂದು ಅಂತ ಎರಡು ಮುನಿಸಿಪಾಲಿಟಿ ಶುರುವಾದವು. 1949ರಲ್ಲಿ ಎರಡನ್ನೂ ಸೇರಿಸಿ ಕಾರ್ಪೊರೇಷನ್ ಮಾಡಿದರು. ಆ ಕಾಲದಲ್ಲಿ ಊರಿನ ಬೊಕ್ಕಸಕ್ಕೆ ಆಕ್ಟ್ರಾಯ್ ಕೂಡ ದೊಡ್ಡ ಆಸರೆ. ಊರೊಳಗೆ ಬರುವ ಸರಕಿನ ಮೇಲೆ ನಾಕಾದಲ್ಲಿ ಸುಂಕ ಹಾಕುತ್ತಿದ್ದರು. 1979ರಲ್ಲಿ ರಾಜ್ಯ ಸರ್ಕಾರ ಆಕ್ಟ್ರಾಯ್ ತೆಗೆದುಹಾಕಿ, ಅದರ ಬದಲು ಪರಿಹಾರ ಕೊಡುತ್ತೇವೆ ಅಂದಿತು. ವ್ಯಾಪಾರಿಗಳಿಗೆ, ಲಾರಿಯವರಿಗೆ ಅನುಕೂಲವೇ ಆಯಿತು. ಆದರೆ ಅಲ್ಲಿಂದ ಮುಂದೆ ಪಾಲಿಕೆಗೆ ತನ್ನದು ಅಂತ ಹೇಳಿಕೊಳ್ಳುವ ಮುಖ್ಯ ವರಮಾನ ಮನೆ ಕಂದಾಯ ಒಂದೇ ಆಯಿತು. ಉಳಿದಿದ್ದಕ್ಕೆಲ್ಲ ವಿಧಾನಸೌಧದ ಕಡೆ ನೋಡಬೇಕು.

ಆ ಕಂದಾಯದ ಲೆಕ್ಕ ಆಗ ಹೇಗಿತ್ತು ಗೊತ್ತಾ? ವಾರ್ಷಿಕ ಬಾಡಿಗೆ ಮೌಲ್ಯ ಅಂತ ಒಂದು ಪದ್ಧತಿ. ನಿಮ್ಮ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದು ಅಂತ ಕಂದಾಯದವರು ಬಂದು ಅಂದಾಜು ಮಾಡುತ್ತಿದ್ದರು, ಅದರ ಮೇಲೆ ತೆರಿಗೆ. ಹಳೇ ಮನೆಗಳ ಬಾಡಿಗೆ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಕಟ್ಟಿಬಿದ್ದಿತ್ತು. ಹೀಗಾಗಿ ಗಾಂಧಿಬಜಾರಿನ ದೊಡ್ಡ ಹಳೇ ಮನೆಗೆ ಚಿಲ್ಲರೆ ಕಂದಾಯ, ಹೊಸ ಬಡಾವಣೆಯ ಸಣ್ಣ ಮನೆಗೆ ಜಾಸ್ತಿ ಕಂದಾಯ ಬರೋದು ಮಾಮೂಲಾಗಿತ್ತು. ಅಕ್ಕಪಕ್ಕದ, ಒಂದೇ ಅಳತೆಯ ಎರಡು ಮನೆಗೂ ಬೇರೆ ಬೇರೆ ಮೊತ್ತ ಇರುತ್ತಿತ್ತು. ಅಂದಾಜು ಅಂದಮೇಲೆ ಅದು ಬಂದವರ ಕೈಯಲ್ಲಿ ಇರುವ ಮಾತು ತಾನೇ. ಮಾತಾಡಿಕೊಳ್ಳೋದಕ್ಕೆ ಅಲ್ಲಿ ಬೇಕಾದಷ್ಟು ಜಾಗ ಇತ್ತು, ಮಾತಾಡಿಕೊಳ್ಳೋದು ಗೊತ್ತಿಲ್ಲದವರು ಪೂರ್ತಿ ಕಟ್ಟುತ್ತಿದ್ದರು.

2000ದ ಏಪ್ರಿಲ್‌ನಲ್ಲಿ ಇದಕ್ಕೆ ಒಂದು ಒಳ್ಳೇ ತಿರುವು ಬಂತು. ಸ್ವಯಂ ಘೋಷಿತ ಆಸ್ತಿ ತೆರಿಗೆ, ಎಲ್ಲರ ಬಾಯಲ್ಲಿ ಎಸ್‌ಎಎಸ್. ಆಗ ಕೆ. ಜೈರಾಜ್ ಪಾಲಿಕೆ ಆಯುಕ್ತರು. ಮನೆ ಎಷ್ಟು ಚದರಡಿ, ಯಾವ ಪ್ರದೇಶ, ಎಂಥ ಕಟ್ಟಡ ಅಂತ ನಾವೇ ಬರೆದು, ನಾವೇ ಲೆಕ್ಕ ಹಾಕಿ, ನಾವೇ ಕಟ್ಟಬೇಕು. ಕಡ್ಡಾಯ ಇರಲಿಲ್ಲ, ಬೇಕಾದವರು ಬರಬಹುದಿತ್ತು. ವಿಜಯನಗರದ ನಮ್ಮ ಮನೆಯಲ್ಲಿ ಆ ವರ್ಷ ಅಪ್ಪ ಟೇಪು ಹಿಡಿದು ಹಾಲು, ರೂಮು, ಅಡುಗೆಮನೆ ಅಂತ ಅಳೆದಿದ್ದು ನನಗೆ ಚೆನ್ನಾಗಿ ನೆನಪಿದೆ, ಟೇಪಿನ ಇನ್ನೊಂದು ತುದಿ ಹಿಡಿದವನು ನಾನೇ. ಅಮ್ಮ ಫಾರಂ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ಎರಡು ಸಲ ಕೂಡಿ ನೋಡಿ, ಆಮೇಲೆ ಪೆನ್ನಿನಲ್ಲಿ ತುಂಬಿದರು. ಸರ್ಕಾರ ನಮ್ಮ ಮಾತನ್ನು ನಂಬುತ್ತದೆ ಅಂದಾಗ ಜನ ಎಷ್ಟು ಜೋಪಾನವಾಗಿ ನಿಜ ಬರೆಯುತ್ತಾರೆ ಅಂತ ನಾನು ಕಂಡಿದ್ದು ಅವತ್ತು. ಪಾಲಿಕೆಯ ವಸೂಲಿಯೂ ಏರಿತು.

ಅದೇ ಹೊತ್ತಿನಲ್ಲಿ ಖರ್ಚಿನ ಕಡೆಗೂ ಸ್ವಲ್ಪ ಬೆಳಕು ಬಿತ್ತು. ನಂದನ್ ನಿಲೇಕಣಿ ಅಧ್ಯಕ್ಷರಾಗಿದ್ದ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಪಾಲಿಕೆಯ ಹಳೇ ಲೆಕ್ಕಪುಸ್ತಕದ ಪದ್ಧತಿ ಬದಲಿಸಲು ಕೈಜೋಡಿಸಿತು. 2002ರಲ್ಲಿ ಜನಾಗ್ರಹ ಮತ್ತು ಇನ್ನೂ ಕೆಲವು ಸಂಸ್ಥೆಗಳು ಸೇರಿ 'ಪ್ರೂಫ್' ಅಂತ ಒಂದು ಅಭಿಯಾನ ಶುರು ಮಾಡಿದವು. ಮೂರು ತಿಂಗಳಿಗೊಮ್ಮೆ ಪಾಲಿಕೆ ತನ್ನ ಜಮಾ ಖರ್ಚನ್ನು ಜನರ ಮುಂದೆ ಇಡಬೇಕು ಅನ್ನೋದು ಅದರ ಬೇಡಿಕೆ, ಸ್ವಲ್ಪ ಕಾಲ ಅದು ನಡೆಯಿತು ಕೂಡ. ಕಂಪನಿಗಳು ಶೇರುದಾರರಿಗೆ ಹೇಳುವ ಹಾಗೆ ಊರಿನವರಿಗೆ ಲೆಕ್ಕ ಹೇಳೋದು. ಅದು ನಿಂತುಹೋಗಿದ್ದು ನನಗೆ ಇವತ್ತಿಗೂ ಬೇಜಾರು.

2007ರ ಜನವರಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಹುಟ್ಟಿತು. ಹಳೇ ಪಾಲಿಕೆಗೆ ಏಳು ನಗರಸಭೆ, ಕೆಂಗೇರಿ ಪುರಸಭೆ, ಸುತ್ತಲಿನ ನೂರಹತ್ತು ಹಳ್ಳಿಗಳು ಸೇರಿದವು. ಯಲಹಂಕ, ದಾಸರಹಳ್ಳಿ, ಬೊಮ್ಮನಹಳ್ಳಿ, ಮಹದೇವಪುರದ ಕಡೆಯ ನಗರಸಭೆಗಳಲ್ಲಿ ಆಗಲೇ ಆಸ್ತಿಯ ಬೆಲೆಯ ಮೇಲೆ ತೆರಿಗೆ ಹಾಕುವ ಪದ್ಧತಿ ಇತ್ತು. ಅದನ್ನೇ ಇಡೀ ಊರಿಗೆ ತರಲು ಹೊರಟಾಗ ಜೋರು ವಿರೋಧ ಬಂತು. ಸೈಟಿನ ರೇಟು ಏರಿದ್ದು ನಿಜ, ಆದರೆ ಅಲ್ಲೇ ವಾಸ ಇರುವ ನಿವೃತ್ತ ಮೇಷ್ಟ್ರ ಪಿಂಚಣಿ ಅದರ ಜೊತೆ ಏರುತ್ತದೆಯಾ? ಕೊನೆಗೆ 2008-09ನೇ ಸಾಲಿನಿಂದ ಘಟಕ ಪ್ರದೇಶ ಮೌಲ್ಯ ಅನ್ನುವ ಪದ್ಧತಿ ಬಂತು, ಇವತ್ತಿಗೂ ನಡೀತಿರೋದು ಅದೇ.

ಇದರ ಲೆಕ್ಕ ಗೊತ್ತಿದ್ದರೆ ಒಳ್ಳೇದು, ಕಷ್ಟವೇನಿಲ್ಲ. ಮಾರ್ಗಸೂಚಿ ದರ, ಅಂದರೆ ಆಸ್ತಿ ನೋಂದಣಿಗೆ ಸರ್ಕಾರ ಗೊತ್ತು ಮಾಡುವ ಕನಿಷ್ಠ ಬೆಲೆ, ನೋಡಿ ಊರನ್ನು ಎ ಇಂದ ಎಫ್‌ವರೆಗೆ ಆರು ವಲಯ ಮಾಡಿದರು. ಆರ್‌ಸಿಸಿ ಮನೆಯಲ್ಲಿ ನೀವೇ ಇದ್ದರೆ ಶುರುವಿನಲ್ಲಿ ಎ ವಲಯಕ್ಕೆ ಚದರಡಿಗೆ ತಿಂಗಳಿಗೆ 2.50 ರೂಪಾಯಿ, ಡಿ ವಲಯಕ್ಕೆ 1.60, ಎಫ್‌ಗೆ 1 ರೂಪಾಯಿ. ಬಾಡಿಗೆಗೆ ಕೊಟ್ಟಿದ್ದರೆ ಅದರ ಎರಡರಷ್ಟು. ಹನ್ನೆರಡಲ್ಲ, ಹತ್ತು ತಿಂಗಳಿಗೆ ಲೆಕ್ಕ. ಡಿ ವಲಯದಲ್ಲಿ 1,000 ಚದರಡಿ ಮನೆ ಅಂದುಕೊಳ್ಳಿ, 16,000 ರೂಪಾಯಿ ಆಯಿತು. ಕಟ್ಟಡದ ವಯಸ್ಸಿನ ಸವಕಳಿ ಕಳೆಯಬೇಕು, ಈಗ ಅದನ್ನು ಬಿಡೋಣ. ವಾಸದ ಮನೆಗೆ ಶೇ. 20 ತೆರಿಗೆ, ಅಂದರೆ 3,200. ಮೇಲೆ ಶೇ. 24 ಸೆಸ್ 768. ಒಟ್ಟು 3,968. ಏಪ್ರಿಲ್ ಒಳಗೆ ಕಟ್ಟಿದರೆ ಶೇ. 5 ರಿಯಾಯಿತಿ. ತಡ ಮಾಡಿದರೆ ತಿಂಗಳಿಗೆ ಶೇ. 2 ಬಡ್ಡಿ ಅಂತ ನಿಯಮ ಮಾಡಿದ್ದರು.

ಈಗ ನಾನು ಒತ್ತಿ ಹೇಳಬೇಕಾದ ಒಂದು ವಿಷಯ. ಇಷ್ಟು ದೊಡ್ಡ ಬದಲಾವಣೆ ಮಾಡುವಾಗ ಬೆಂಗಳೂರಿಗೆ ಜನ ಆರಿಸಿದ ಕಾರ್ಪೊರೇಟರುಗಳ ಕೌನ್ಸಿಲ್ ಇರಲಿಲ್ಲ. ಹಳೇ ಕೌನ್ಸಿಲ್ಲಿನ ಅವಧಿ 2006ರ ನವೆಂಬರಿನಲ್ಲಿ ಮುಗಿದಿತ್ತು, ಮುಂದಿನ ಚುನಾವಣೆ ಆಗಿದ್ದು 2010ರಲ್ಲಿ. ಮೂರು ವರ್ಷಕ್ಕೂ ಮೇಲೆ ಆಡಳಿತಾಧಿಕಾರಿಗಳದ್ದೇ ಆಡಳಿತ. ಹೊಸದಾಗಿ ಸೇರಿದ ಹಳ್ಳಿಗಳವರು, ತೆರಿಗೆ ಕಟ್ಟಿದೆವು, ನೀರೆಲ್ಲಿ, ಒಳಚರಂಡಿ ಎಲ್ಲಿ ಅಂತ ಕೇಳಲು ಅವರಿಗೊಬ್ಬ ಕಾರ್ಪೊರೇಟರ್ ಇರಲಿಲ್ಲ. ಅವರಿಗಾಗಿಯೇ ಮಾಡಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಗಿದ್ದು 2024ರ ಅಕ್ಟೋಬರಿನಲ್ಲಿ. ಹಳ್ಳಿ ನಗರಕ್ಕೆ ಸೇರಿದ ದಿನದಿಂದ ಹೆಚ್ಚುಕಡಿಮೆ ಹದಿನೆಂಟು ವರ್ಷ. ಆ ಹದಿನೆಂಟು ವರ್ಷ ಅವರು ಕಂದಾಯವನ್ನೂ ಕಟ್ಟಿದರು, ಟ್ಯಾಂಕರಿಗೂ ಕೊಟ್ಟರು.

ಬಿ-ಖಾತಾದವರ, ಅಂದರೆ ಸರಿಯಾದ ಅನುಮತಿ ಇಲ್ಲ ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದ ಆಸ್ತಿಯವರ ಪಾಡೂ ಇಂಥದ್ದೇ. ಅನುಮತಿ ಇಲ್ಲದ ಕಟ್ಟಡದಿಂದಲೂ ತೆರಿಗೆ ತೆಗೆದುಕೊಳ್ಳಬಹುದು, ಆದರೆ ತೆರಿಗೆ ಕಟ್ಟಿದ ಮಾತ್ರಕ್ಕೆ ಅದು ಸಕ್ರಮ ಆಗಲ್ಲ ಅಂತ ಕಾನೂನು. ಕಟ್ಟುವಾಗ ಎಲ್ಲರ ಸಮ. ಪ್ಲಾನ್ ಮಂಜೂರಾತಿ, ಬ್ಯಾಂಕ್ ಸಾಲ ಅಂತ ಹೋದರೆ ಇಲ್ಲ.

ಹಾಗಾದರೆ ಕೌನ್ಸಿಲ್ ಇದ್ದಾಗ ಎಲ್ಲ ಸರಿ ಇತ್ತಾ? ಇರಲಿಲ್ಲ, ಅದನ್ನೂ ಹೇಳಲೇಬೇಕು. ಮೂರು ವರ್ಷಕ್ಕೊಮ್ಮೆ ತೆರಿಗೆ ಪರಿಷ್ಕರಣೆ ಆಗಬೇಕು ಅಂತ ಕಾನೂನಿದ್ದರೂ 2008ರ ನಂತರ ಮೊದಲ ಸಲ ಏರಿಸಿದ್ದು 2016ರಲ್ಲಿ, ಮನೆಗಳಿಗೆ ಶೇ. 20, ವಾಣಿಜ್ಯ ಕಟ್ಟಡಗಳಿಗೆ ಶೇ. 25. ಓಟಿನ ಭಯ. ಅಲ್ಲಿವರೆಗೆ ತೆರಿಗೆ ಏರಲಿಲ್ಲ, ಆದರೆ ಬಜೆಟ್ ಪುಸ್ತಕದಲ್ಲಿ ಕಾಮಗಾರಿಗಳು ಏರುತ್ತಲೇ ಹೋದವು. ಕೈಯಲ್ಲಿ ಇಲ್ಲದ ದುಡ್ಡಿಗೆ ಜಾಬ್ ಕೋಡ್ (ಕಾಮಗಾರಿಗೆ ಕೊಡುವ ಮಂಜೂರಾತಿ ಸಂಖ್ಯೆ) ಕೊಟ್ಟು ಕೆಲಸ ಶುರು ಮಾಡೋದು, ಆಮೇಲೆ ಗುತ್ತಿಗೆದಾರರ ಬಿಲ್ ವರ್ಷಗಟ್ಟಲೆ ಬಾಕಿ ಉಳಿಸೋದು. 2011ರಲ್ಲಿ ಪಾಲಿಕೆಯದೇ ಜಾಗೃತ ಕೋಶ ಮಲ್ಲೇಶ್ವರ, ರಾಜರಾಜೇಶ್ವರಿನಗರ, ಗಾಂಧಿನಗರದ ಕಾಮಗಾರಿಗಳಲ್ಲಿ 1,539 ಕೋಟಿ ರೂಪಾಯಿ ಅಕ್ರಮ ಅಂತ ವರದಿ ಕೊಟ್ಟು, ಅದು ಸಿಐಡಿ ತನಿಖೆಗೆ ಹೋಯಿತು. ಸಾಲಕ್ಕಾಗಿ ಪಾಲಿಕೆ ತನ್ನ ಕಟ್ಟಡಗಳನ್ನೇ ಅಡವಿಟ್ಟಿತು. ಜಾನ್ಸನ್ ಮಾರ್ಕೆಟ್, ಮೇಯೋ ಹಾಲ್, ಕೆ.ಆರ್. ಮಾರ್ಕೆಟ್. ಬೆಳಗಿನ ಜಾವ ಹೂವು ಕೊಳ್ಳೋಕೆ ನಾವು ಹೋಗುವ ಮಾರ್ಕೆಟ್ಟಿನ ಪತ್ರ ಸಾಲ ಕೊಟ್ಟವರ ಹತ್ತಿರ ಇತ್ತು ಅಂತ ಓದಿದಾಗ, ಮನೆಯ ಒಡವೆ ಅಂಗಡಿಗೆ ಹೋದಷ್ಟೇ ಸಂಕಟ ಆಗಿತ್ತು. ಆಮೇಲೆ ಒಂದೊಂದಾಗಿ ಬಿಡಿಸಿಕೊಳ್ಳುತ್ತಾ ಬಂದರು.

2020ರ ಸೆಪ್ಟೆಂಬರ್ 10ಕ್ಕೆ ಕೌನ್ಸಿಲ್ಲಿನ ಅವಧಿ ಮತ್ತೆ ಮುಗಿಯಿತು. ಅದಾದ ಮೇಲೆ ಏನೇನಾಯಿತು ನೋಡಿ. 2016ರ ಹೊಸ ವಲಯ ಪಟ್ಟಿಯ ಪ್ರಕಾರ ಕಟ್ಟದೆ ಹಳೇ ವಲಯದಲ್ಲೇ ಕಟ್ಟುತ್ತಿದ್ದಾರೆ ಅಂತ ಸುಮಾರು 78 ಸಾವಿರ ಮಾಲೀಕರಿಗೆ ವ್ಯತ್ಯಾಸ, ದಂಡ, ಬಡ್ಡಿ ಎಲ್ಲ ಸೇರಿಸಿ ನೋಟಿಸ್ ಹೋಯಿತು. ಆನ್‌ಲೈನಿನಲ್ಲಿ ಕಟ್ಟುವಾಗ ಪಾಲಿಕೆಯದೇ ವ್ಯವಸ್ಥೆ ಆ ವಲಯವನ್ನು ಒಪ್ಪಿಕೊಂಡಿತ್ತು. ಐದು ವರ್ಷ ಆದಮೇಲೆ ತಪ್ಪು ನಿಮ್ಮದು ಅಂದರೆ ಹೇಗೆ? ಗಲಾಟೆಯಾದ ಮೇಲೆ ದಂಡ ಬಡ್ಡಿಯ ವಿಷಯದಲ್ಲಿ ಸರ್ಕಾರ ಹಿಂದೆ ಸರಿಯಿತು. 2024ರ ಫೆಬ್ರವರಿಯಲ್ಲಿ ಮಾರ್ಗಸೂಚಿ ದರಕ್ಕೇ ನೇರವಾಗಿ ತೆರಿಗೆ ಕಟ್ಟಿಹಾಕುವ ಕರಡು ಬಂತು. ಹಿಂದಿನ ಅಕ್ಟೋಬರಿನಲ್ಲಷ್ಟೇ ಆ ದರ ಏರಿಸಿದ್ದರು. ಲೋಕಸಭೆ ಚುನಾವಣೆ ಎದುರಿಗಿತ್ತು, ಕರಡು ಬದಿಗೆ ಹೋಯಿತು. ಅದೇ ವರ್ಷ ಹಳೇ ಬಾಕಿಯ ಬಡ್ಡಿ ಮನ್ನಾ ಮಾಡುವ ಒಂದು ಬಾರಿಯ ಯೋಜನೆ ಬಂತು. ಜುಲೈಗೆ ಮುಗಿಯಬೇಕಿದ್ದದ್ದು ಮುಂದೂಡಿ ಮುಂದೂಡಿ ನವೆಂಬರಿಗೆ ಬಂತು. ಬಾಕಿ ಹರಿದುಬಂದು 2024-25ರಲ್ಲಿ ವಸೂಲಿ ಸುಮಾರು 4,900 ಕೋಟಿ ಮುಟ್ಟಿತು. ಪ್ರತಿ ವರ್ಷ ಏಪ್ರಿಲ್‌ನಲ್ಲೇ ಕಟ್ಟಿದವರಿಗೆ ಸಿಕ್ಕಿದ್ದು ಆ ಶೇ. 5 ಅಷ್ಟೇ.

2025ರ ಏಪ್ರಿಲ್ 1ರಿಂದ ಕಸಕ್ಕೆ ಬಳಕೆದಾರರ ಶುಲ್ಕ ಸೇರಿತು. ಕಂದಾಯದ ಜೊತೆಗೇ ವಸೂಲಿ. 600 ಚದರಡಿವರೆಗೆ ತಿಂಗಳಿಗೆ 10 ರೂಪಾಯಿ, 1,000ದವರೆಗೆ 50, 2,000ದವರೆಗೆ 100, ಹೀಗೇ ಮೇಲೆ ಹೋಗಿ 4,000 ಚದರಡಿ ದಾಟಿದರೆ 400. ಮೇಲೆ ಹೇಳಿದ 1,000 ಚದರಡಿ ಮನೆಗೆ ವರ್ಷಕ್ಕೆ 600. ಕಸಕ್ಕೆ ಅಂತ ಬೇರೆಯೇ ಒಂದು ಸೆಸ್ ಆಗಲೇ ಇತ್ತು, ಆರೋಗ್ಯ ಸೆಸ್ಸೂ ಇತ್ತು. ಕಸ ಎತ್ತೋದಕ್ಕೆ ದುಡ್ಡು ಬೇಕು, ನಾನು ಬೇಡ ಅನ್ನಲ್ಲ. ಪೌರಕಾರ್ಮಿಕರಿಗೆ ಸರಿಯಾದ ಸಂಬಳ, ಗ್ಲೌಸು, ಬೂಟು ಸಿಗಬೇಕಾದರೆ ಯಾರಾದರೂ ಕೊಡಲೇಬೇಕು. ಆದರೆ ಹಳೇ ಸೆಸ್ಸಿನಲ್ಲಿ ಎಷ್ಟು ಬಂತು, ಎಷ್ಟು ಸಾಲದಾಯಿತು ಅಂತ ನಮ್ಮ ವಾರ್ಡಿನ ಪ್ರತಿನಿಧಿ ಸಭೆಯಲ್ಲಿ ಎದ್ದು ಕೇಳಿದ ಮೇಲೆ ಬರಬೇಕಿತ್ತು ಇದು. ಕೇಳುವವರ ಕುರ್ಚಿ ಖಾಲಿ ಇತ್ತು. ಆ ವರ್ಷದ ಸುಮಾರು 20 ಸಾವಿರ ಕೋಟಿಯ ಬಜೆಟ್ಟೂ ಚುನಾಯಿತ ಮೇಯರ್ ಇಲ್ಲದೆಯೇ ಮಂಡನೆಯಾಯಿತು. ರಾಜ್ಯ ಸರ್ಕಾರ ಬೆಂಗಳೂರಿಗೆ ಕೊಡುವ ಅನುದಾನವನ್ನು 3,000 ಕೋಟಿಯಿಂದ 7,000 ಕೋಟಿಗೆ ಏರಿಸಿತು. ದುಡ್ಡು ಕೊಡುವವರೇ ಯಾವ ಕೆಲಸಕ್ಕೆ ಅಂತಲೂ ಹೇಳುತ್ತಾರೆ. ಸುರಂಗ ರಸ್ತೆ ಬೇಕಾ, ನಮ್ಮ ಬೀದಿಯ ಚರಂಡಿ ಬೇಕಾ ಅನ್ನುವ ಪ್ರಶ್ನೆ ವಾರ್ಡಿಗೆ ಬರಲೇ ಇಲ್ಲ.

2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಇಲ್ಲ. ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಐದು ಪಾಲಿಕೆ, ಮೇಲೆ ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಈ ಸಲದ ಬದಲಾವಣೆಯೂ ಕೌನ್ಸಿಲ್ ಇಲ್ಲದ ಹೊತ್ತಿನಲ್ಲೇ ಆಯಿತು. ವಾರ್ಡುಗಳು 198 ಇದ್ದದ್ದು 369 ಆಗಿವೆ. ವಾರ್ಡ್ ಸಣ್ಣದಾದರೆ ಕಾರ್ಪೊರೇಟರ್ ಕೈಗೆ ಸಿಗುತ್ತಾರೆ, ಅದು ನನಗೆ ಇಷ್ಟವಾದ ವಿಷಯ. ಚಿಂತೆ ಇರೋದು ಬೇರೆ ಕಡೆ. ಇಷ್ಟು ವರ್ಷ ಅತಿ ಹೆಚ್ಚು ಕಂದಾಯ ಬರುತ್ತಿದ್ದದ್ದು ಐಟಿ ಕಂಪನಿಗಳಿರುವ ಮಹದೇವಪುರದಿಂದ. ಆ ದುಡ್ಡು ಊರಿನ ಒಂದೇ ಬೊಕ್ಕಸಕ್ಕೆ ಬೀಳುತ್ತಿತ್ತು. ಈಗ ಮಹದೇವಪುರ, ಕೆ.ಆರ್. ಪುರ ಎರಡೂ ಪೂರ್ವ ಪಾಲಿಕೆಗೆ ಸೇರಿವೆ. ಕೆರೆ ತುಂಬಿ ಮನೆಗೆ ನೀರು ನುಗ್ಗಿಸಿಕೊಂಡ ಆ ಕಡೆಯವರು, ನಮ್ಮ ತೆರಿಗೆ ನಮ್ಮ ರಸ್ತೆಗೇ ಬರಲಿ ಅನ್ನೋದರಲ್ಲಿ ತಪ್ಪೇನಿದೆ? ಆದರೆ ಪಶ್ಚಿಮದಲ್ಲಿ, ನಮ್ಮ ಕಡೆ, ಹಳೇ ಮನೆಗಳು ಜಾಸ್ತಿ, ಅಂಥ ದೊಡ್ಡ ಕಂಪನಿ ಕಟ್ಟಡಗಳು ಕಡಿಮೆ. ಹಳೇ ಚರಂಡಿ ರಿಪೇರಿಗೆ ಸಾಲದೇ ಹೋದರೆ ತೆರಿಗೆ ಏರಿಸುತ್ತಾರಾ, ಸಾಲ ಮಾಡುತ್ತಾರಾ, ಪೂರ್ವದವರಿಂದ ಪಾಲು ಕೇಳುತ್ತಾರಾ? ಪಶ್ಚಿಮ ಪಾಲಿಕೆಯ ಹೆಸರಿರುವ ಚಲನ್ ಕೈಯಲ್ಲಿ ಹಿಡಿದು ನಾನು ಓಟು ಕೇಳೋಕೆ ಮನೆಗೆ ಬರುವ ಪ್ರತಿಯೊಬ್ಬರನ್ನೂ ಕೂರಿಸಿ, ಕಾಫಿ ಕೊಟ್ಟು, ಇದನ್ನೇ ಕೇಳುವವನಿದ್ದೇನೆ. ಜೊತೆಗೆ ಆ 192 ರೂಪಾಯಿಯ ವಿಷಯವನ್ನೂ.